ಗೋಣಿತಾಟಿನ ಮೇಲೆ ನೂರು ಕಾಳು

ಜಗಳೂರು ತಾಲ್ಲೂಕಿನಿಂದ ಒಬ್ಬ ತಾಯಿ ಬರೆದಿದ್ದಾರೆ. ಮೂರು ಎಕರೆ ಖುಷ್ಕಿ ಹೊಲ. ಮಗಳು ಸೆಕೆಂಡ್ ಪಿಯು, ಸೈನ್ಸ್. ಈ ಸಲ ಬಿತ್ತಿದ ಮೆಕ್ಕೆಜೋಳ ಸಾಲು ಸಾಲೇ ಹುಟ್ಟಲಿಲ್ಲ. ಪ್ಯಾಕೆಟ್‌ನಲ್ಲಿ ಉಳಿದಿದ್ದರಲ್ಲಿ ಆ ಹುಡುಗಿ 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಳಂತೆ. ಮೊಳೆತದ್ದು 62. ಅವತ್ತಿನಿಂದ ಒಂದೇ ಹಟ, ‘ನಾನು ಬೀಜದ ಬಗ್ಗೆನೇ ಓದ್ತೀನಿ’. ‘ಹೊಲ ತಪ್ಪಲಿ ಅಂತ ಜನ ಓದಿಸಿದರೆ ನೀನು ಹೊಲಕ್ಕೇ ಕಳಿಸ್ತೀಯಾ ಅಂತ ನೆಂಟರು ಕೇಳ್ತಾರೆ. ದುಡ್ಡಿಗೆ ಏನು ಮಾಡಲಿ, ಸ್ಕಾಲರ್‌ಶಿಪ್ ಏನಾದರೂ ಸಿಗುತ್ತಾ?’ ಅನ್ನುವುದು ಅವರ ಪ್ರಶ್ನೆ.

ಅಕ್ಕಾ, ನಿಮ್ಮ ಪತ್ರ ಓದಿ ಆ 62ರ ಹತ್ತಿರವೇ ನಿಂತುಬಿಟ್ಟೆ. ಪ್ರಮಾಣಿತ ಮೆಕ್ಕೆಜೋಳ ಬೀಜ ನೂರಕ್ಕೆ ಕನಿಷ್ಠ 90 ಮೊಳೆಯಬೇಕು ಅನ್ನುವುದು ನಿಯಮ. ಭತ್ತಕ್ಕೆ 80, ಶೇಂಗಾಕ್ಕೆ 70. ನಿಮ್ಮ ಮಗಳು ಇದ್ಯಾವುದನ್ನೂ ಓದಿಲ್ಲ. ಆದರೂ ಬೀಜ ಪರೀಕ್ಷಾ ಲ್ಯಾಬಿನಲ್ಲಿ ಮೊದಲು ಮಾಡುವ ಕೆಲಸವನ್ನೇ ಅಡುಗೆಮನೆಯಲ್ಲಿ ಮಾಡಿದ್ದಾಳೆ. ದಾವಣಗೆರೆ ಜಿಲ್ಲೆಯಲ್ಲಿ ಮಳೆ ನೋಡಿಕೊಂಡು ಸಾಲ ಮಾಡಿ ಮೆಕ್ಕೆಜೋಳ ಬಿತ್ತುವವರು ಎಷ್ಟು ಮನೆ ಇದ್ದಾರೆ ನಿಮಗೇ ಗೊತ್ತು. ಬೀಜ ಕೈಕೊಟ್ಟರೆ ಗೊಬ್ಬರ, ಬಾಡಿಗೆ ಟ್ರ್ಯಾಕ್ಟರು, ಹದ, ಎಲ್ಲ ಒಟ್ಟಿಗೆ ಹೋಗುತ್ತದೆ. ಇದನ್ನು ತಡೆಯುವ ವಿದ್ಯೆ ಕಲಿಯುತ್ತೇನೆ ಅನ್ನುವ ಹುಡುಗಿಯನ್ನು ನೋಡಿ ನಗುವುದಕ್ಕೆ ಏನಿದೆ?

ಈಗ ದುಡ್ಡಿನ ಮಾತು. ಎಲ್ಲಕ್ಕಿಂತ ದೊಡ್ಡ ಸಹಾಯ ಸರ್ಕಾರಿ ಸೀಟೇ. ಬಿಎಸ್ಸಿ ಕೃಷಿ ನಾಲ್ಕು ವರ್ಷ. ಖಾಸಗಿ ಕಾಲೇಜಿಗೂ ಸರ್ಕಾರಿ ಕೃಷಿ ವಿಶ್ವವಿದ್ಯಾಲಯಕ್ಕೂ ಫೀಸಿನಲ್ಲಿ ಇರುವ ಅಂತರವನ್ನು ಯಾವ ಸ್ಕಾಲರ್‌ಶಿಪ್ಪೂ ತುಂಬಿಕೊಡುವುದಿಲ್ಲ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಹಿಂದೆ ಶೇ 40 ಇದ್ದದ್ದನ್ನು ಶೇ 50 ಮಾಡಿದರು. ಸಿಇಟಿ ಜೊತೆಗೆ ಇದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕಾಳು, ಗೊಬ್ಬರ, ಸಲಕರಣೆ ಎದುರಿಗಿಟ್ಟು ಇದೇನು ಅಂತ ಕೇಳುತ್ತಾರೆ. ಕೂರಿಗೆ, ಕುಂಟೆ ನೋಡಿಕೊಂಡೇ ಬೆಳೆದವಳಿಗೆ ಇದು ಹೆದರುವಂಥದ್ದಲ್ಲ, ಆದರೆ ನಮ್ಮ ಕಡೆ ಬೆಳೆಯದ ಬೆಳೆಗಳ ಕಾಳೂ ಗುರುತು ಸಿಗಬೇಕಲ್ವಾ, ಅದಕ್ಕೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಬಬ್ಬೂರು ಫಾರಂಗೋ ಒಂದು ದಿನ ಕರೆದುಕೊಂಡು ಹೋಗಿ ತೋರಿಸಿ. ಕೃಷಿಕರ ಕುಟುಂಬ ಅನ್ನುವ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಕೊನೆ ಗಳಿಗೆಯಲ್ಲಿ ತಾಲ್ಲೂಕು ಆಫೀಸಿಗೆ ಅಲೆದು ಸೀಟು ಕಳೆದುಕೊಂಡವರ ಪತ್ರ ನನಗೆ ಪ್ರತಿವರ್ಷ ಬರುತ್ತದೆ.

ಇನ್ನು ರೈತ ವಿದ್ಯಾನಿಧಿ, ಅಂದರೆ ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡುವ ಸ್ಕಾಲರ್‌ಶಿಪ್. 2021ರಲ್ಲಿ ಶುರುವಾದದ್ದು. ಆಗ ನಿಗದಿ ಮಾಡಿದ ದರದ ಪ್ರಕಾರ ಪಿಯು ಓದುವ ಹುಡುಗಿಗೆ ವರ್ಷಕ್ಕೆ 3,000 ರೂಪಾಯಿ. ಮುಂದೆ ಕೋರ್ಸು ನೋಡಿ ಹೆಚ್ಚುತ್ತದೆ, ಸ್ನಾತಕೋತ್ತರಕ್ಕೆ ಹೋದರೆ ಹುಡುಗಿಯರಿಗೆ 11,000. ಹೊಲ ಯಾರ ಹೆಸರಲ್ಲಿದೆಯೋ ಅವರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗಿರಬೇಕು. ನಿಮ್ಮ ಪಹಣಿ ಇನ್ನೂ ಮಾವನವರ ಹೆಸರಲ್ಲೇ ಇದೆ ಅಂತ ಬರೆದಿದ್ದೀರಿ. ತೊಡಕು ಬರುವುದೇ ಅಲ್ಲಿ. ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅದನ್ನು ಕೇಳಿ.

ಪಿಯುನಲ್ಲಿ ತನ್ನ ಬೋರ್ಡಿನ ಮೇಲಿನ ಶೇ 20 ಮಂದಿಯೊಳಗೆ ಬಂದರೆ, ಮನೆಯ ವರಮಾನ ನಾಲ್ಕೂವರೆ ಲಕ್ಷ ದಾಟದಿದ್ದರೆ, ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಬಹುದು. ಮೊದಲ ಮೂರು ವರ್ಷ ವರ್ಷಕ್ಕೆ 12,000. ಆದರೆ ಇದನ್ನು ತಗೊಂಡರೆ ಬೇರೆ ಸ್ಕಾಲರ್‌ಶಿಪ್ ತಗೊಳ್ಳುವ ಹಾಗಿಲ್ಲ. ಕೂತು ಲೆಕ್ಕ ಹಾಕಿ ಒಂದನ್ನು ಆರಿಸಿಕೊಳ್ಳಿ. ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಐಸಿಎಆರ್ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಸೀಟಿನಲ್ಲಿ ಹೊರರಾಜ್ಯಕ್ಕೆ ಹೋಗುವವರಿಗೆ ತಿಂಗಳಿಗೆ 3,000 ಸಿಗುತ್ತದೆ. ಅಷ್ಟು ದೂರ ಕಳಿಸುವ ಮನಸ್ಸಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಈ ದುಡ್ಡು ಯಾವುದೂ ಫೀಸು ಕಟ್ಟುವ ದಿನಕ್ಕೆ ಬರುವುದಿಲ್ಲ. ಮೊದಲ ವರ್ಷದ ಹಾಸ್ಟೆಲು, ಪುಸ್ತಕದ ಖರ್ಚನ್ನು ನೀವೇ ಹೊಂದಿಸಿಟ್ಟುಕೊಳ್ಳಿ. ಬಡ್ಡಿಗೆ ಮಾತ್ರ ತರಬೇಡಿ, ಬ್ಯಾಂಕಿನ ವಿದ್ಯಾಭ್ಯಾಸ ಸಾಲ ಕೇಳಿ.

ಬೀಜ ವಿಜ್ಞಾನ ಅಂತ ಬೇರೆಯಾಗಿ ಓದುವುದು ಎಂಎಸ್ಸಿಯಲ್ಲಿ. ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರು, ಈ ಮೂರೂ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅದರ ವಿಭಾಗ ಇದೆ. ಐಸಿಎಆರ್ ಪಿಜಿ ಸೀಟುಗಳಿಗಾಗಿ ನಡೆಯುವ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆ ರ‍್ಯಾಂಕ್ ಬಂದು ಪಿಜಿ ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 12,640 ರೂಪಾಯಿ. ಅಲ್ಲಿಗೆ ಮುಟ್ಟಿದರೆ ಮನೆಯಿಂದ ದುಡ್ಡು ಕಳಿಸುವ ಕಷ್ಟ ಬಹುಪಾಲು ಮುಗಿದ ಹಾಗೆ. ಆಮೇಲೆ ಕೃಷಿ ಇಲಾಖೆ, ಬೀಜ ನಿಗಮ, ಬೀಜ ಪರೀಕ್ಷಾ ಲ್ಯಾಬು, ಹೀಗೆ ಕೆಲಸದ ದಾರಿಗಳಿವೆ. ಪಕ್ಕದ ರಾಣೆಬೆನ್ನೂರಿನ ಸುತ್ತಮುತ್ತಲೇ ತರಕಾರಿ ಬೀಜ ಮಾಡುವ ಕಂಪನಿಗಳು ಸಾಕಷ್ಟಿವೆ. ನೆಂಟರಿಗೆ ಇದನ್ನೂ ಹೇಳಿ.

ಆ ಪ್ಯಾಕೆಟ್, ಅದಕ್ಕೆ ಹೊಲಿದಿದ್ದ ಚೀಟಿ, ಅಂಗಡಿ ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಜಗಳೂರಿನ ಕೃಷಿ ಇಲಾಖೆ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಮಗಳು ದಿನಕ್ಕೆಷ್ಟು ಮೊಳೆತವು ಅಂತ ಬರೆದಿಟ್ಟಿದ್ದಾಳಲ್ಲ, ಆ ಹಾಳೆಯ ಒಂದು ಫೋಟೋ ನಮಗೂ ಕಳಿಸಿ. ಮುಂಗಾರಿಗೆ ಮೊದಲು ಬರುವ ಸಂಚಿಕೆಯಲ್ಲಿ, ಮನೆಯಲ್ಲೇ ಬೀಜ ಪರೀಕ್ಷೆ ಹೇಗೆ ಮಾಡಬೇಕು ಅಂತ ಅವಳ ಕೈಯಲ್ಲೇ ಬರೆಸುತ್ತೇವೆ.