ಬಿಳಿಚಿದ ಹವಳ ಇನ್ನೂ ಸತ್ತಿಲ್ಲ

ಪ್ರಿಯ ಓದುಗರೇ,

ಹವಳದ ದಿಬ್ಬಗಳ ಬಗ್ಗೆ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: ‘ಕಡಲೇ ಬಿಸಿಯಾಗುತ್ತಿರುವಾಗ ಹವಳ ನೆಡುವುದು, ಮೀನು ಹಿಡಿಯಬೇಡಿ ಎನ್ನುವುದು ಎಲ್ಲ ಸುಮ್ನೆ ದುಡ್ಡು ದಂಡ ಅಲ್ವಾ?’ ನಿಮ್ಮ ಸಂಕಟ ನಮ್ಮದೂ ಹೌದು. ಆದರೆ ಎಲ್ಲವೂ ದಂಡ ಎನ್ನುವುದನ್ನು ಒಪ್ಪಲಾರೆವು.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಬಿಸಿಲು ಹೀರಿ ಆಹಾರ ಮಾಡಿ, ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಕೊಡುವುದು ಅದೇ. ಬೇಸಿಗೆಯಲ್ಲಿ ನೀರು ವಾಡಿಕೆಗಿಂತ ಒಂದೇ ಒಂದು ಡಿಗ್ರಿ ಜಾಸ್ತಿ ಕಾದು, ಕೆಲವು ವಾರ ಹಾಗೇ ಉಳಿದರೂ ಸಾಕು, ಹವಳ ಆ ಪಾಚಿಯನ್ನು ಹೊರಗೆ ತಳ್ಳುತ್ತದೆ. ಆಗ ತೆಳುವಾದ ಮೈಯ ಮೂಲಕ ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಅದು ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳುತ್ತದೆ, ಹವಳವೂ ಚೇತರಿಸಿಕೊಳ್ಳುತ್ತದೆ; ಇಲ್ಲದಿದ್ದರೆ ಹಸಿದು ಸಾಯಬಹುದು.

ಆಮೇಲಿನ ಕಥೆ ಅಲ್ಲಿನ ನೀರು, ಮೀನುಗಳ ಮೇಲೂ ನಿಂತಿದೆ. ಸತ್ತ ಹವಳದ ಮೇಲೆ ಬೇಗನೆ ಕಡಲಕಳೆ ಹಬ್ಬುತ್ತದೆ. ಚರಂಡಿ ನೀರು, ಹೊಲದ ಗೊಬ್ಬರ ಸೇರಿದರೆ ಇನ್ನೂ ಜೋರು. ತೇಲಿಬರುವ ಹವಳದ ಮರಿ ಅಂಟಿಕೊಳ್ಳಲು ಕಳೆಯಿಲ್ಲದ ಕಲ್ಲು ಬೇಕು. ಆ ಕಲ್ಲನ್ನು ಕೊಕ್ಕಿನಂಥ ಹಲ್ಲಿನಿಂದ ಕೆರೆದು ಕೆರೆದು ಚೊಕ್ಕಟ ಮಾಡುವುದು ಪ್ಯಾರಟ್‌ಫಿಶ್. ಬೆಲೀಜ್ ದೇಶ 2009ರಲ್ಲೇ ಈ ಮೀನು ಹಿಡಿಯುವುದನ್ನು ನಿಷೇಧಿಸಿತು. ಇಂಥ ನಿಯಮಕ್ಕೆ ಪಡುವ ಶ್ರಮ ಹೇಗೆ ದಂಡವಾದೀತು?

ಸಾಕಿದ ಹವಳದ ತುಂಡುಗಳನ್ನು ದಿಬ್ಬದ ಮೇಲೆ ನೆಡುವ ವಿಷಯದಲ್ಲಿ ನಿಮ್ಮ ಅನುಮಾನ ಬಹುಮಟ್ಟಿಗೆ ಸರಿ. 2023ರ ಬೇಸಿಗೆಯಲ್ಲಿ ಫ್ಲೋರಿಡಾದ ಕಡಲು ಎಷ್ಟು ಕಾದಿತೆಂದರೆ, ನೀರಿನೊಳಗಿನ ನರ್ಸರಿಗಳಲ್ಲಿ ಸಾಕುತ್ತಿದ್ದ ಹವಳಗಳನ್ನು ಎತ್ತಿ ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಇನ್ನು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸುಮಾರು 2,300 ಕಿಲೋಮೀಟರ್ ಉದ್ದ. ಕೈಯಲ್ಲಿ ನೆಟ್ಟು ಮುಗಿಸುವ ಮಾತೇ ಅದು! ಬಿಸಿ ತಾಳುವ ತಳಿಗಳನ್ನು ಬೆಳೆಸುವ ಕೆಲಸ ಮಾತ್ರ ಖಂಡಿತ ಮುಂದುವರಿಯಬೇಕು.

ಕೈಗಾರಿಕೆಗಳು ಬರುವ ಮೊದಲಿಗಿಂತ ಭೂಮಿ 1.5 ಡಿಗ್ರಿ ಹೆಚ್ಚು ಕಾದರೆ ಶೇ. 70ರಿಂದ 90ರಷ್ಟು ಹವಳ ನಶಿಸುತ್ತದೆ, 2 ಡಿಗ್ರಿಯಾದರೆ ಶೇ. 99ಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿ 2018ರಲ್ಲೇ ಎಚ್ಚರಿಸಿದೆ. ಅರ್ಧ ಡಿಗ್ರಿಯೂ ಇಲ್ಲಿ ಸಣ್ಣದಲ್ಲ. ಸ್ಥಳೀಯ ಕಾವಲಿನಿಂದ ಹವಳಕ್ಕೆ ಒಂದಷ್ಟು ಕಾಲ ಸಿಗುತ್ತದೆ, ಅಷ್ಟೇ. ಆ ಕಾಲದೊಳಗೆ ಕಲ್ಲಿದ್ದಲು, ಪೆಟ್ರೋಲಿನ ಹೊಗೆ ಇಳಿಯಲೇಬೇಕು. ಹಾಗಾಗಿ ಯಾವುದೇ ಸರ್ಕಾರ ಇಷ್ಟು ಸಾವಿರ ಹವಳ ನೆಟ್ಟೆವು ಎಂದರೆ, ಆ ತೀರದ ಚರಂಡಿ ನೀರು ಎಲ್ಲಿಗೆ ಹೋಗುತ್ತಿದೆ, ಹೊಗೆ ಎಷ್ಟು ಇಳಿದಿದೆ ಅಂತಲೂ ಕೇಳಿ.

– ಸಂಪಾದಕ