ಒಂಬತ್ತು ವರ್ಷ ಪಾರ್ಲರ್ ನಡೆಸಿದ್ದೇನೆ, ಬ್ಯೂಟಿ ಥೆರಪಿ ಟೀಚರ್ ಆಗಲು ಯಾವ ಅಕಾಡೆಮಿ ಸೇರಲಿ?

ಶಿರಸಿಯಲ್ಲಿ ಪಾರ್ಲರ್ ಇದೆ, ನಿಂತು ನಿಂತು ಸೊಂಟ ಸೋತಿದೆ, ಇನ್ನು ಕೂತು ಕಲಿಸುವ ಕೆಲಸ ಮಾಡೋಣ ಅಂತಿದ್ದೀರಿ. ಹುಬ್ಬಳ್ಳಿಯ ಅಕಾಡೆಮಿಯೊಂದು ಮೂರು ತಿಂಗಳ ಟೀಚರ್ ಕೋರ್ಸಿಗೆ 70 ಸಾವಿರ ಕೇಳುತ್ತಿದೆ, ಕೊಡಲಾ ಬೇಡವಾ ಅಂತ ಕೇಳಿದ್ದೀರಿ.

ಕೊಡಬೇಡಿ. ನಾನು ಕೊಟ್ಟಿದ್ದೆ.

2014ರ ಮಾತು. ಕಾರವಾರದ ಕೋಡಿಬಾಗದಲ್ಲಿ ನನ್ನ ಪಾರ್ಲರ್ ಇತ್ತು. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಫೇಶಿಯಲ್ ಬೆಡ್. ನೌಕಾನೆಲೆಯ ಕ್ವಾರ್ಟರ್ಸ್‌ನಿಂದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು, ಅಷ್ಟು ಹೆಸರಿತ್ತು. ಅಕ್ಕಪಕ್ಕದ ಹುಡುಗಿಯರು ‘ಅಕ್ಕಾ, ನಮಗೂ ಕಲಿಸು’ ಅನ್ನುತ್ತಿದ್ದರು. ನನಗೂ ಆಸೆ ಹುಟ್ಟಿತು. ಕಲಿಸಬೇಕಾದರೆ ಕೈಯಲ್ಲಿ ಒಂದು ಕಾಗದ ಬೇಕಲ್ವಾ? ದೊಡ್ಡ ಊರಿನ ಅಕಾಡೆಮಿಯೊಂದರ ಜಾಹೀರಾತು ನೋಡಿದೆ. ಅಮ್ಮನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು 65 ಸಾವಿರ ಕಟ್ಟಿದೆ.

ಮೂರು ತಿಂಗಳು ಅಲ್ಲಿ ನನಗೆ ಗೊತ್ತಿದ್ದ ಕೆಲಸವನ್ನೇ ಮತ್ತೆ ಮಾಡಿಸಿದರು. ಬ್ರೈಡಲ್ ಮೇಕಪ್, ಜಡೆ, ಫೇಶಿಯಲ್. ಕಲಿಸುವುದು ಹೇಗೆ ಅಂತ ಒಂದು ದಿನವೂ ಹೇಳಿಕೊಡಲಿಲ್ಲ. ಕೊನೆಯ ದಿನ ಕಪ್ಪು ಗೌನು, ಟೋಪಿ ಹಾಕಿಸಿ ಫೋಟೋ ತೆಗೆದರು. ದಪ್ಪ ಕಾಗದದ ಸರ್ಟಿಫಿಕೇಟ್ ಕೊಟ್ಟರು. ಬಂಗಾರದ ಬಣ್ಣದ ಮುದ್ರೆ. ಮೇಲೆ ‘ಐಎಸ್‌ಒ 9001’, ಕೆಳಗೆ ‘ಭಾರತ ಸರ್ಕಾರದ ಎಂಎಸ್‌ಎಂಇಯಲ್ಲಿ ನೋಂದಣಿ’, ನಡುವೆ ನನ್ನ ಹೆಸರು, ‘ಬ್ಯೂಟಿ ಥೆರಪಿ ಮತ್ತು ಟೀಚರ್ ಟ್ರೇನಿಂಗ್ ಡಿಪ್ಲೊಮಾ’. ಚೌಕಟ್ಟು ಹಾಕಿಸಿ ಪಾರ್ಲರ್‌ನ ಗೋಡೆಗೆ ತೂಗುಹಾಕಿದೆ.

ಮರುವರ್ಷ ಒಂದು ತರಬೇತಿ ಸಂಸ್ಥೆಯವರು ಅತಿಥಿ ಶಿಕ್ಷಕಿ ಬೇಕು ಅಂತ ಕರೆದರು. ಚೌಕಟ್ಟಿನಿಂದ ಸರ್ಟಿಫಿಕೇಟ್ ಬಿಚ್ಚಿಕೊಂಡು ಹೋದೆ. ಸಂದರ್ಶನಕ್ಕೆ ಕೂತಿದ್ದವರಲ್ಲಿ ಹಿರಿಯರೊಬ್ಬರು ಅದನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು. ತಿರುಗಿಸಿ ಹಿಂಬದಿ ನೋಡಿದರು. ‘ಇದರಲ್ಲಿ ಎನ್‌ಸಿವಿಟಿ ಎಲ್ಲಿದೆಯಮ್ಮಾ?’ ಅಂತ ಕೇಳಿದರು. ಎನ್‌ಸಿವಿಟಿ ಅಂದರೆ ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ. ನಾನು ಐಎಸ್‌ಒ ತೋರಿಸಿದೆ. ಎಂಎಸ್‌ಎಂಇ ತೋರಿಸಿದೆ. ಸಿಂಹದ ಚಿತ್ರ ಇದೆಯಲ್ಲ ಸಾರ್ ಅಂದೆ. ಅವರು ಬೈಯಲಿಲ್ಲ. ‘ಇದು ಅವರ ಅಂಗಡಿಯ ಕಾಗದ, ನಿಮ್ಮ ಓದಿನ ಕಾಗದ ಅಲ್ಲ’ ಅಂದರು.

ಈ ಒಂದು ವಿಷಯವನ್ನು ನಾನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಈಗಲೂ ವಾರಕ್ಕೊಬ್ಬರು ಇದೇ ತಪ್ಪು ಮಾಡಿಕೊಂಡು ನನ್ನ ಹತ್ತಿರ ಬರುತ್ತಾರೆ. ಐಎಸ್‌ಒ 9001 ಅಂದರೆ ಒಂದು ಸಂಸ್ಥೆ ತನ್ನ ಕೆಲಸವನ್ನು ಒಂದು ಪದ್ಧತಿಯ ಪ್ರಕಾರ ನಡೆಸುತ್ತದೆ ಅನ್ನುವುದಕ್ಕೆ ಸಿಗುವ ಪತ್ರ. ನಟ್ಟು ಬೋಲ್ಟು ಮಾಡುವ ಕಾರ್ಖಾನೆಗೂ ಅದು ಸಿಗುತ್ತದೆ. ಅಲ್ಲಿ ಕಲಿತವರಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಂಎಸ್‌ಎಂಇ ನೋಂದಣಿ ಅಂದರೆ ‘ಇದೊಂದು ಸಣ್ಣ ಉದ್ದಿಮೆ’ ಅಂತ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವುದು. ಈಗ ಅದಕ್ಕೆ ಉದ್ಯಮ್ ಅನ್ನುತ್ತಾರೆ, ಆನ್‌ಲೈನ್‌ನಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಆಗುತ್ತದೆ. ನಿಮ್ಮ ಪಾರ್ಲರ್‌ಗೂ ಮಾಡಿಸಬಹುದು. ಹಾಗಂತ ನೀವು ಕೊಡುವ ಸರ್ಟಿಫಿಕೇಟ್ ಸರ್ಕಾರದ್ದಾಗುತ್ತದಾ? ಟ್ರಸ್ಟ್ ನೋಂದಣಿ, ಟ್ರೇಡ್‌ಮಾರ್ಕ್ ಕೂಡ ಇದೇ ಜಾತಿ. ಎಲ್ಲವೂ ನಿಜವಾದ ಕಾಗದಗಳೇ, ಅವರು ಸುಳ್ಳು ಬರೆದಿರಲಿಲ್ಲ. ಆದರೆ ಅವು ಯಾವುದೂ ನನ್ನ ಬಗ್ಗೆ ಇರಲಿಲ್ಲ. ನಾನು ಕೇಳಬೇಕಾಗಿದ್ದು ಒಂದೇ ಪ್ರಶ್ನೆ: ಪರೀಕ್ಷೆ ಮಾಡುವವರು ಯಾರು? ಕಲಿಸಿದವರೇ ಪರೀಕ್ಷೆ ಮಾಡಿ, ಅವರೇ ಸಹಿ ಹಾಕಿ, ಅವರೇ ಮುದ್ರೆ ಒತ್ತಿದರೆ ಆ ಕಾಗದ ಅವರ ಬಾಗಿಲು ದಾಟುವುದಿಲ್ಲ. ಇದನ್ನು ಕೇಳಲು ನನಗೆ ಒಂದು ನಿಮಿಷ ಸಾಕಿತ್ತು. ಕೇಳದೆ 65 ಸಾವಿರ ಹೋಯಿತು. ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು. ಅಷ್ಟು ದಿನ ಅಮ್ಮ ಮದುವೆ ಮನೆಗಳಿಗೆ ಬರಿ ಗಾಜಿನ ಬಳೆ ತೊಟ್ಟು ಹೋದಳು. ಅದು ಈಗಲೂ ಚುಚ್ಚುತ್ತದೆ.

ಆ ದಿನ ಇನ್ನೊಂದು ಆಯಿತು. ಇಷ್ಟು ದೂರ ಬಂದಿದ್ದೀರಿ, ಹತ್ತು ನಿಮಿಷ ಥ್ರೆಡ್ಡಿಂಗ್ ಕಲಿಸಿ ತೋರಿಸಿ ಅಂತ ಆ ಹಿರಿಯರು ಹೇಳಿದರು. ನಾಲ್ಕು ಹುಡುಗಿಯರನ್ನು ಕೂರಿಸಿದರು. ಒಬ್ಬಳ ಹುಬ್ಬು ಮೂರೇ ನಿಮಿಷದಲ್ಲಿ ಮುಗಿಸಿದೆ, ಬಿಲ್ಲಿನ ಹಾಗೆ ಬಂದಿತ್ತು. ‘ಹೀಗೆ ಮಾಡಿ’ ಅಂದೆ. ಪಕ್ಕದವಳು ದಾರ ಹಿಡಿದುಕೊಂಡು ಕೇಳಿದಳು, ‘ಮೇಡಂ, ಯಾವ ಕೈ ಮೊದಲು ತೆರೀಬೇಕು?’ ನನಗೆ ಉತ್ತರ ಬರಲಿಲ್ಲ. ನನ್ನ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ದಾರ ಮತ್ತೆ ಕೈಗೆ ಸುತ್ತಿಕೊಂಡು, ನಿಧಾನಕ್ಕೆ ಮಾಡಿ ನೋಡಿಕೊಂಡು, ಆಮೇಲೆ ಹೇಳಿದೆ. ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು.

ಅದಕ್ಕೇ ಹೇಳುತ್ತೇನೆ, ‘ಕೆಲಸ ಬರುತ್ತದೆ, ಒಂದು ಟೀಚರ್ ಸರ್ಟಿಫಿಕೇಟ್ ಸಿಕ್ಕರೆ ಸಾಕು’ ಅನ್ನುವ ನಿಮ್ಮ ಲೆಕ್ಕವೇ ತಪ್ಪು. ಯಾವ ಅಕಾಡೆಮಿ ಅನ್ನುವ ಪ್ರಶ್ನೆ ಆಮೇಲಿನದು.

ನಾನು ಹೋದ ದಾರಿ ಹೇಳುತ್ತೇನೆ. 33ನೇ ವಯಸ್ಸಿನಲ್ಲಿ ಐಟಿಐ ಸೇರಿದೆ. ಆಗ ಆ ಟ್ರೇಡಿಗೆ ಬೇಸಿಕ್ ಕಾಸ್ಮೆಟಾಲಜಿ ಅನ್ನುತ್ತಿದ್ದರು, ಈಗ ಕಾಸ್ಮೆಟಾಲಜಿ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಒಂದು ವರ್ಷ. ಪಕ್ಕದ ಬೆಂಚಿನಲ್ಲಿ 17 ವರ್ಷದ ಹುಡುಗಿಯರು. ಬೆಳಿಗ್ಗೆ ಪಾರ್ಲರ್ ನಾದಿನಿ ನೋಡಿಕೊಂಡಳು, ಸಂಜೆ ನಾನು. ಕಡೆಗೆ ನಡೆಯುವ ಪರೀಕ್ಷೆ ಇಡೀ ದೇಶಕ್ಕೆ ಒಂದೇ. ಪಾಸಾದರೆ ಸಿಗುವುದು ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್, ಎಲ್ಲರೂ ಎನ್‌ಟಿಸಿ ಅನ್ನುತ್ತಾರೆ. ಎನ್‌ಸಿವಿಟಿ ಮಂಡಳಿ 1956ರಲ್ಲಿ ಶುರುವಾದದ್ದು, ಈಗ ಅದರ ಜಾಗಕ್ಕೆ ಎನ್‌ಸಿವಿಇಟಿ ಬಂದಿದೆ. ಆ ಹಿರಿಯರು ನನ್ನ ಕಾಗದದಲ್ಲಿ ಹುಡುಕಿದ್ದು ಎನ್‌ಸಿವಿಟಿಯ ಹೆಸರನ್ನೇ.

ಗೊತ್ತಿರುವುದನ್ನೇ ಒಂದು ವರ್ಷ ಕಲಿಯಬೇಕಾ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು, ಮೊದಲ ವಾರ ಮಾತ್ರ. ಚರ್ಮದ ಮೇಲ್ಪದರದಲ್ಲೇ ಐದು ಪದರ ಇದೆ ಅಂತ ನನಗೆ ಗೊತ್ತಿರಲಿಲ್ಲ. ಕತ್ತರಿ, ಪ್ಲಕ್ಕರ್ ಸ್ಪಿರಿಟ್‌ನಲ್ಲಿ ಒರೆಸಿದರೆ ಎಲ್ಲ ಕ್ರಿಮಿ ಸತ್ತಿತು ಅಂದುಕೊಂಡಿದ್ದೆ. ಕ್ರಿಮಿ ಕಡಿಮೆ ಮಾಡುವುದು ಬೇರೆ, ಪೂರ್ತಿ ಕೊಲ್ಲುವುದು ಬೇರೆ, ಪೂರ್ತಿ ಕೊಲ್ಲಲು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆ ಬೇಕು ಅಂತ ಅಲ್ಲಿ ಕಲಿತೆ. ಚರ್ಮಕ್ಕೆ ಸಣ್ಣ ಕರೆಂಟ್ ಹಾಯಿಸುವ ಗ್ಯಾಲ್ವನಿಕ್ ಮಷೀನನ್ನು ಪೇಸ್‌ಮೇಕರ್ ಇದ್ದವರಿಗೆ, ಬಸುರಿಯರಿಗೆ ಮುಟ್ಟಿಸಬಾರದು ಅಂತ ಕೇಳಿದಾಗ ಎದೆ ಧಸಕ್ಕೆಂದಿತು. ನನ್ನ ಗಿರಾಕಿಗಳನ್ನು ನಾನು ಒಂದು ದಿನವೂ ಅದನ್ನು ಕೇಳಿರಲಿಲ್ಲ.

ಆಮೇಲೆ ಸಿಐಟಿಎಸ್. ಟ್ರೇಡ್ ಕಲಿತವರನ್ನು ಶಿಕ್ಷಕರನ್ನಾಗಿ ಮಾಡುವ ಕೇಂದ್ರ ಸರ್ಕಾರದ ಕೋರ್ಸ್, ಇದೂ ಒಂದು ವರ್ಷ. ನಿಮಗೆ ಬೇಕಾಗಿರುವುದು ಇದು. ನಾನು ಮಾಡಿದ್ದು ಬೆಂಗಳೂರಿನ ಹೊಸೂರು ರಸ್ತೆಯ ಮಹಿಳಾ ಸಂಸ್ಥೆಯಲ್ಲಿ. ಆಗ ಆರ್‌ವಿಟಿಐ ಅನ್ನುತ್ತಿದ್ದರು, ಈಗ ಎನ್‌ಎಸ್‌ಟಿಐ. ರಾತ್ರಿ ಬಸ್ಸಿನಲ್ಲಿ ಅರಬೈಲ್ ಘಟ್ಟ ಹತ್ತುವಾಗ ಮಗಳ ನೆನಪಾಗಿ ಅಳು ಬಂದಿತ್ತು. ಆದರೆ ಅಲ್ಲಿ ಕಲಿತದ್ದನ್ನು ಬೇರೆಲ್ಲೂ ಕಲಿಯುತ್ತಿರಲಿಲ್ಲ. ಪ್ರತಿ ಪಾಠಕ್ಕೂ ಲೆಸನ್ ಪ್ಲ್ಯಾನ್ ಬರೆಯಬೇಕು. ಮೊದಲು ಮಕ್ಕಳ ಮನಸ್ಸನ್ನು ಪಾಠಕ್ಕೆ ತರಬೇಕು, ಆಮೇಲೆ ಮಾಡಿ ತೋರಿಸಬೇಕು, ಆಮೇಲೆ ಅವರ ಕೈಯಲ್ಲಿ ಮಾಡಿಸಬೇಕು, ಕೊನೆಗೆ ಬಂತೋ ಇಲ್ಲವೋ ನೋಡಬೇಕು. ನಾನು ಸಂದರ್ಶನದಲ್ಲಿ ಮಾಡಿದ್ದು ಎರಡನೆಯದನ್ನು ಮಾತ್ರ, ಅದೂ ಅವಸರದಲ್ಲಿ.

ಅಲ್ಲಿ ಥ್ರೆಡ್ಡಿಂಗನ್ನು ನಾನು ಹನ್ನೊಂದು ಹಂತ ಮಾಡಿ ಬರೆದೆ. ದಾರದ ಎರಡು ತುದಿ ಗಂಟು ಹಾಕುವುದು. ಎರಡೂ ಕೈಗೆ ಬಳೆಯ ಹಾಗೆ ಸಿಕ್ಕಿಸಿಕೊಳ್ಳುವುದು. ಒಂದು ಕೈ ಏಳೆಂಟು ಸಲ ತಿರುಗಿಸಿ ನಡುವೆ ಹುರಿ ಮಾಡುವುದು. ಬಲಗೈ ಬೆರಳು ಅಗಲಿಸಿದರೆ ಹುರಿ ಎಡಕ್ಕೆ ಓಡುತ್ತದೆ, ಎಡಗೈ ಅಗಲಿಸಿದರೆ ಬಲಕ್ಕೆ. ಹುರಿ ಓಡುವ ದಿಕ್ಕು ಕೂದಲು ಬೆಳೆದ ದಿಕ್ಕಿಗೆ ಎದುರಾಗಿರಬೇಕು. ಮೊದಲು ಬರಿ ಗಾಳಿಯಲ್ಲಿ, ಆಮೇಲೆ ಅವರದೇ ಕಾಲಿನ ಕೂದಲ ಮೇಲೆ, ಮುಖಕ್ಕೆ ಕೈ ಹಚ್ಚುವುದು ಮೂರನೇ ವಾರ. ನಾವು ಪಾರ್ಲರ್‌ನಲ್ಲಿ ದಾರದ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆವಲ್ಲ, ಅದನ್ನು ನಾನು ಕಲಿಸುವುದಿಲ್ಲ. ಬಾಯಿಯ ದಾರ ಇನ್ನೊಬ್ಬರ ಮುಖಕ್ಕೆ ಹೋಗಬಾರದು.

ಈಗ ಕರಾವಳಿಯ ಒಂದು ಐಟಿಐಯಲ್ಲಿ ಕಲಿಸುತ್ತಿದ್ದೇನೆ. ಬೈತಖೋಲ್‌ನ ಮೀನುಗಾರರ ಮನೆಯ ಹುಡುಗಿಯರು, ಅಂಕೋಲೆಯ ಹಳ್ಳಿಗಳಿಂದ ಬಸ್ಸಿಗೆ ಬರುವವರು. ಕನ್ನಡದಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಕೊಂಕಣಿಯಲ್ಲಿ ಹೇಳುತ್ತೇನೆ. ಮತ್ತೆ ಸೊಂಟದ ವಿಷಯ ಬರೆದಿದ್ದೀರಿ. ಇಲ್ಲಿ ಕೂರುವುದಿಲ್ಲ. ಪಾರ್ಲರ್‌ನಲ್ಲಿ ಒಂದು ಮುಖದ ಮೇಲೆ ಬಗ್ಗುತ್ತಿದ್ದೆ, ಈಗ 20 ಜನರ ಬೆನ್ನ ಹಿಂದೆ ಬಗ್ಗಿ ಬಗ್ಗಿ ಅವರ ಬೆರಳು ಸರಿ ಮಾಡುತ್ತೇನೆ. ಆರಾಮ ಬೇಕು ಅಂತ ಇದಕ್ಕೆ ಬರಬೇಡಿ. ಸೊಂಟಕ್ಕೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಫೇಶಿಯಲ್ ಬೆಡ್ ಎತ್ತರ ಮಾಡಿಸಿ, ಗಾಲಿ ಸ್ಟೂಲ್ ಒಂದು ತನ್ನಿ.

ಬೇರೆ ದಾರಿಗಳೂ ಇವೆ. ಐಟಿಐ ಬೇಡ, ಸ್ಕಿಲ್ ಇಂಡಿಯಾದ ಸಣ್ಣ ಕೋರ್ಸುಗಳಿಗೆ ಟ್ರೇನರ್ ಆದರೆ ಸಾಕು ಅನ್ನುವುದಾದರೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನವರ ಟ್ರೇನರ್ ಸರ್ಟಿಫಿಕೇಟ್ ನೋಡಿ. ಅನುಭವ ಇದ್ದು ಕಾಗದ ಇಲ್ಲದವರ ಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅಂತಲೂ ಒಂದಿದೆ, ಅದು ನಿಮ್ಮಂಥವರಿಗಾಗಿಯೇ ಮಾಡಿದ್ದು. ಸಿಡೆಸ್ಕೊ ಅನ್ನುವ ಬ್ಯೂಟಿ ಥೆರಪಿ ಡಿಪ್ಲೊಮಾ ಸ್ವಿಟ್ಜರ್ಲೆಂಡಿನದು, ಹೆಸರು ದೊಡ್ಡದು, ಹೊರದೇಶದ ಸ್ಪಾಗಳಿಗೆ ಹೋಗುವವರಿಗೆ ಸರಿ. ನಮ್ಮ ಐಟಿಐಯಲ್ಲಿ ಕಲಿಸಲು ಅಷ್ಟು ದುಡ್ಡು ಸುರಿಯಬೇಕಾಗಿಲ್ಲ. ಪಾರ್ಲರ್ ಕೆಲಸ ಹೊಸದಾಗಿ ಕಲಿಯಬೇಕು ಅಂತ ನಿಮ್ಮ ಹತ್ತಿರ ಬರುವ ಬಡ ಹುಡುಗಿಯರನ್ನು ಹಳಿಯಾಳದ ಆರ್‌ಸೆಟಿಗೆ (ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ) ಕಳಿಸಿ, ಅಲ್ಲಿ ತರಬೇತಿ, ಊಟ, ವಸತಿ ಎಲ್ಲ ಉಚಿತ.

ಪಾರ್ಲರ್ ಮಾತ್ರ ಮುಚ್ಚಬೇಡಿ. ಬಾಗಿಲು ಹಾಕಿದರೆ ಮಾರಿಕಾಂಬೆ ಜಾತ್ರೆಯ ಹೊತ್ತಿಗೆ ನಿಮ್ಮ ಗಿರಾಕಿಗಳೆಲ್ಲ ಬೇರೆ ಕಡೆ ರೂಢಿಯಾಗಿರುತ್ತಾರೆ. ನಂಬಿಕೆಯ ಒಬ್ಬಳನ್ನು ಈಗಿಂದಲೇ ತಯಾರು ಮಾಡಿ. ನಿಮ್ಮ ಮೊದಲ ವಿದ್ಯಾರ್ಥಿನಿ ಅವಳೇ ಆಗಲಿ. ಇವತ್ತೇ ಕೂತು, ನೀವು ವ್ಯಾಕ್ಸಿಂಗ್ ಹೇಗೆ ಮಾಡುತ್ತೀರಿ ಅಂತ ಒಂದೊಂದೇ ಹಂತ ಬರೆಯಿರಿ. ಅದನ್ನು ಅವಳ ಕೈಗೆ ಕೊಡಿ. ನೀವು ಬಾಯಿ ಬಿಡದೆ ನಿಂತು, ಅವಳು ಎಲ್ಲಿ ತಡವರಿಸುತ್ತಾಳೆ ನೋಡಿ.

ಹುಬ್ಬಳ್ಳಿಯವರಿಗೆ ಮುಂಗಡ ಇನ್ನೂ ಕೊಟ್ಟಿಲ್ಲ ತಾನೆ? ಫೋನ್ ಮಾಡಿ, ಪರೀಕ್ಷೆ ಯಾರು ಮಾಡುತ್ತಾರೆ, ಸರ್ಟಿಫಿಕೇಟ್ ನಂಬರ್ ಹಾಕಿದರೆ ಸರ್ಕಾರದ ಪೋರ್ಟಲ್‌ನಲ್ಲಿ ನನ್ನ ಹೆಸರು ಬರುತ್ತದಾ, ಇವೆರಡನ್ನೇ ಕೇಳಿ. ಹಳೆಯ ವಿದ್ಯಾರ್ಥಿಗಳ ಸರ್ಟಿಫಿಕೇಟ್ ಫೋಟೋ ಕಳಿಸಿದರೆ ಇಲ್ಲೇ ಕೆಳಗೆ ಹಾಕಿ, ಹೆಸರು ಮುಚ್ಚಿ. ನಾನು ನೋಡಿ ಹೇಳುತ್ತೇನೆ.