ಮೂಗಿನ ಮೂಲಕ ಪಿಟ್ಯುಟರಿ ಗಡ್ಡೆಯ ಆಪರೇಷನ್ ಆದರೆ ಒಂದು ವಾರಕ್ಕೆ ಕೆಲಸಕ್ಕೆ ಹೋಗಬಹುದೇ?

ಪಿಟ್ಯುಟರಿ ಎಂದರೆ ಮೆದುಳಿನ ಬುಡದಲ್ಲಿರುವ ಪುಟ್ಟ ಹಾರ್ಮೋನು ಗ್ರಂಥಿ. ಹೊರಗೆ ಹೊಲಿಗೆ ಇಲ್ಲ, ಮೂರ್ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ, ಹಾಗಾಗಿ ಇದು ಸಣ್ಣ ಆಪರೇಷನ್ ಎಂದುಕೊಂಡಿದ್ದೀರಿ. ನಾನೂ ಹೀಗೇ ಲೆಕ್ಕ ಹಾಕಿದ್ದೆ. ಏಳನೇ ದಿನ ನಾನಿದ್ದದ್ದು ಐಸಿಯುನಲ್ಲಿ. ರಕ್ತದ ಸೋಡಿಯಂ 119ಕ್ಕೆ ಇಳಿದಿತ್ತು. ಇರಬೇಕಾದದ್ದು 135ರಿಂದ 145.

ಆಪರೇಷನ್ ಚೆನ್ನಾಗಿಯೇ ಆಗಿತ್ತು. 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪನ್ನು (ಒಳಗೆ ನೋಡುವ ಕ್ಯಾಮೆರಾ ಕೊಳವೆ) ಮೂಗಿನ ಹೊಳ್ಳೆಯಿಂದ ತೂರಿಸಿ, ಮೂಗಿನ ಹಿಂದಿರುವ ಸ್ಫೀನಾಯ್ಡ್ ಸೈನಸ್ ಎಂಬ ಮೂಳೆಯ ಪೊಳ್ಳು ದಾಟಿ, ಪಿಟ್ಯುಟರಿ ಕೂತಿರುವ ಮೂಳೆಯ ಗುಂಡಿಯ ತಳ ತೆರೆದು ಗಡ್ಡೆಯನ್ನು ಚೂರುಚೂರಾಗಿ ತೆಗೆದರು. ಎರಡನೇ ದಿನ ಗಂಟೆಗೆ 300 ಮಿಲಿಗಿಂತ ಹೆಚ್ಚು ಮೂತ್ರ, ತಡೆಯಲಾರದ ದಾಹ. ಬಾಯಾರಿದಷ್ಟು ಕುಡಿಯಿರಿ ಎಂದರು. ಆ ಹೊತ್ತಿಗೆ ಅದು ಸರಿಯೇ. ನಾಲ್ಕನೇ ದಿನಕ್ಕೆ ಮೂತ್ರ ಹದಕ್ಕೆ ಬಂತು, ಮನೆಗೆ ಬಂದೆ.

ತಪ್ಪಾದದ್ದು ಅಲ್ಲಿಂದ ಮುಂದೆ. ಮೂಗು ಕಟ್ಟಿದ್ದರಿಂದ ಬಾಯಲ್ಲೇ ಉಸಿರಾಟ, ಗಂಟಲು ಸದಾ ಒಣಗುತ್ತಿತ್ತು. ಆ ಒಣಗಲನ್ನೇ ಬಾಯಾರಿಕೆ ಎಂದುಕೊಂಡು ಹಾಸಿಗೆ ಪಕ್ಕದ ಲೀಟರ್ ಬಾಟಲಿಯನ್ನು ದಿನಕ್ಕೆ ನಾಲ್ಕು ಸಲ ಖಾಲಿ ಮಾಡಿದೆ. ಮೂತ್ರಪಿಂಡಕ್ಕೆ ನೀರು ಉಳಿಸಿಕೋ ಎಂದು ಹೇಳುವ ವಾಸೊಪ್ರೆಸಿನ್ ಹಾರ್ಮೋನು ಪಿಟ್ಯುಟರಿಯ ಹಿಂಭಾಗದಲ್ಲಿ ಶೇಖರವಾಗಿರುತ್ತದೆ. ಪೆಟ್ಟು ಬಿದ್ದೊಡನೆ ಅದರ ಸ್ರವಿಕೆ ನಿಲ್ಲಬಹುದು. ಮೊದಲ ದಿನಗಳ ಅತಿಮೂತ್ರ ಇದರಿಂದಲೇ. ಆಮೇಲೆ, ಸಾಮಾನ್ಯವಾಗಿ 4ರಿಂದ 10ನೇ ದಿನದೊಳಗೆ, ಜಖಂಗೊಂಡ ನರತುದಿಗಳಿಂದ ಅದೇ ಹಾರ್ಮೋನು ಹಿಡಿತವಿಲ್ಲದೆ ಸೋರಬಹುದು. ಆಗ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಸೋಡಿಯಂ ತೆಳುವಾಗುತ್ತದೆ. ಆರನೇ ದಿನ ತಲೆನೋವು, ವಾಕರಿಕೆ. ಆಪರೇಷನ್ನಿನ ನೋವಿರಬೇಕೆಂದು ಮಾತ್ರೆ ನುಂಗಿದೆ, ಅದರ ಜೊತೆ ಮತ್ತೆರಡು ಲೋಟ ನೀರು. ಮರುದಿನ ಬೆಳಗ್ಗೆ ಷರ್ಟಿನ ಗುಂಡಿ ಹಾಕುವುದು ಹೇಗೆಂದು ತೋಚದೆ ನಿಂತಿದ್ದೆನಂತೆ. ಆಮೇಲೆ ಫಿಟ್ಸ್. ಇಳಿದ ಸೋಡಿಯಂ ಅನ್ನು ಗಡಿಬಿಡಿಯಲ್ಲಿ ಏರಿಸುವಂತಿಲ್ಲ, ಏರಿಸಿದರೆ ಮೆದುಳಿಗೇ ಹಾನಿ. ಹಾಗಾಗಿ ದಿನಕ್ಕೆ ಏಳೆಂಟರಂತೆ ಏರಿಸುತ್ತಾ ಬಂದರು.

ಆದ್ದರಿಂದ ಕೆಲಸದ ಪ್ರಶ್ನೆ ಬದಿಗಿಡಿ. ಡಿಸ್ಚಾರ್ಜ್ ಚೀಟಿಯಲ್ಲಿ ಏಳನೇ ದಿನದ ಸೋಡಿಯಂ ಪರೀಕ್ಷೆ ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ದಿನಕ್ಕೆ ಎಷ್ಟು ನೀರು ಎಂದು ಲೀಟರ್ ಲೆಕ್ಕದಲ್ಲೇ ಕೇಳಿ. ಅನೇಕರಿಗೆ ಆ ವಾರ 1ರಿಂದ 1.5 ಲೀಟರ್ ಮಿತಿ ಹಾಕುತ್ತಾರೆ. ಅತಿಮೂತ್ರ ಇನ್ನೂ ಇದ್ದರೆ ಲೆಕ್ಕವೇ ಬೇರೆ, ನೀವಾಗಿಯೇ ಕಡಿಮೆ ಮಾಡಬೇಡಿ. ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗುಳಿ.

ರಜೆ ಕನಿಷ್ಠ ಮೂರ್ನಾಲ್ಕು ವಾರ ಹಾಕಿ. ಅಷ್ಟು ದಿನ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಮಲಬದ್ಧತೆಯಾಗಿ ತಿಣುಕುವ ಹಾಗಾಗಬಾರದು. ಮುಂದಕ್ಕೆ ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿ, ಗಂಟಲಲ್ಲಿ ಉಪ್ಪುಪ್ಪಾದರೆ ಅದು ನೆಗಡಿಯಲ್ಲ, ಮೆದುಳಿನ ದ್ರವ ಇರಬಹುದು. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು, ನಿಮ್ಮ ಗಡ್ಡೆ ಯಾವ ಬಗೆಯದೆಂದು ನೀವು ಬರೆದಿಲ್ಲ. ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಸ್ರವಿಸುವ ಗಡ್ಡೆಯಾದರೆ ಸಾಮಾನ್ಯವಾಗಿ ಮೊದಲು ಕೊಡುವುದು ಕ್ಯಾಬರ್ಗೋಲಿನ್ ಮಾತ್ರೆ. ಬಹಳಷ್ಟು ಜನರಿಗೆ ಅದರಲ್ಲೇ ಗಡ್ಡೆ ಕುಗ್ಗುತ್ತದೆ. ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲು ಪ್ರೊಲ್ಯಾಕ್ಟಿನ್ ರಿಪೋರ್ಟ್ ಕೇಳಿ ನೋಡಿ.